ದೋಷವೇ ಸರಕಾದ ಬಗೆ

ಛಾಯಾಗ್ರಹಣ ಸಾಮಗ್ರಿಗಳ ತಯಾರಕರು ದಶಕಗಳ ಕಾಲ ಶ್ರಮಿಸಿದ್ದು ಚಿತ್ರದ ದೋಷಗಳನ್ನು ನಿವಾರಿಸಲು. ಅಂಚಿನ ಕಪ್ಪು ನೆರಳು, ಬಣ್ಣದ ಏರುಪೇರು, ಒಳನುಸುಳಿದ ಬೆಳಕಿನ ಕಲೆ, ಇವೆಲ್ಲ ಅಗ್ಗದ ಕ್ಯಾಮೆರಾದ ಲಕ್ಷಣಗಳೆನಿಸಿದ್ದವು. 2009ರ ಡಿಸೆಂಬರ್‌ನಲ್ಲಿ ಅಮೆರಿಕದ ರಯಾನ್ ಡಾರ್ಶಾರ್ಸ್ಟ್ ಮತ್ತು ಲ್ಯೂಕಸ್ ಬ್ಯೂಕ್ ಐಫೋನಿಗಾಗಿ ಹೊರತಂದ ‘ಹಿಪ್‌ಸ್ಟಮ್ಯಾಟಿಕ್’ ಆ್ಯಪ್ ಈ ದೋಷಗಳನ್ನೇ 1.99 ಡಾಲರ್‌ಗೆ ಮಾರಿತು. 1963ರಲ್ಲಿ ಕೊಡಾಕ್ ಬಿಡುಗಡೆ ಮಾಡಿದ್ದ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾವನ್ನು ಹೆಸರೇ ನೆನಪಿಸುತ್ತಿತ್ತು. 2010ರಲ್ಲಿ ಆಪಲ್ ಸಂಸ್ಥೆ ಇದನ್ನು ವರ್ಷದ ಐಫೋನ್ ಆ್ಯಪ್ ಎಂದು ಆರಿಸಿತು.

ವ್ಯಾಪಾರದ ಜಾಣ್ಮೆ ಇದ್ದುದು ಮುಂದಿನ ಹಂತದಲ್ಲಿ. ಗಾಜಿಲ್ಲದ ‘ಮಸೂರ’, ರಾಸಾಯನಿಕವಿಲ್ಲದ ‘ಫಿಲಂ’ಗಳ ಕಟ್ಟುಗಳನ್ನು ಆ್ಯಪ್‌ನೊಳಗೇ ತಲಾ 99 ಸೆಂಟ್‌ಗಳಿಗೆ ಮಾರಲಾಯಿತು. ದಾಸ್ತಾನಿನ ಚಿಂತೆಯಿಲ್ಲ, ಸಾಗಣೆಯ ವೆಚ್ಚವಿಲ್ಲ. ಕ್ಷೌರದ ಹಿಡಿಯನ್ನು ಅಗ್ಗವಾಗಿ ಕೊಟ್ಟು ಬ್ಲೇಡಿನಲ್ಲಿ ಲಾಭ ಕಾಣುವ ಹಳೆಯ ಕ್ರಮವೇ ಇದು.

ವೃತ್ತಿಪರರ ವಲಯದಲ್ಲಿ ಮಾತ್ರ ಇದು ವಿವಾದಕ್ಕೆ ಎಡೆಮಾಡಿತು. ‘ನ್ಯೂಯಾರ್ಕ್ ಟೈಮ್ಸ್’ನ ಡೇಮನ್ ವಿಂಟರ್, 2009ರ ಪುಲಿಟ್ಜರ್ ಪುರಸ್ಕೃತರು, ಉತ್ತರ ಅಫ್ಘಾನಿಸ್ತಾನದ ಅಮೆರಿಕನ್ ಸೈನಿಕರ ದಿನಚರಿಯನ್ನು ಈ ಆ್ಯಪ್‌ನಿಂದ ಸೆರೆಹಿಡಿದರು. 2010ರ ನವೆಂಬರ್‌ನಲ್ಲಿ ಆ ಚಿತ್ರಗಳು ಮುಖಪುಟವನ್ನೇರಿದವು. 2011ರಲ್ಲಿ ‘ಪಿಕ್ಚರ್ಸ್ ಆಫ್ ದಿ ಇಯರ್ ಇಂಟರ್‌ನ್ಯಾಷನಲ್’ ಸ್ಪರ್ಧೆಯಲ್ಲಿ ತೃತೀಯ ಸ್ಥಾನ ಪಡೆದವು. ಚಿತ್ರದ ಭಾವವನ್ನು ನಿರ್ಧರಿಸಿದವರು ಛಾಯಾಗ್ರಾಹಕರೋ, ತಂತ್ರಾಂಶ ಬರೆದವರೋ ಎಂದು ಆಕ್ಷೇಪಿಸಿದವರುಂಟು. ಆ್ಯಪ್ ಚಿತ್ರಕ್ಕೆ ಏನನ್ನೂ ಸೇರಿಸದು, ತೆಗೆಯದು. ದೊಡ್ಡ ಕ್ಯಾಮೆರಾದ ಮುಂದೆ ಮುದುಡುವ ಸೈನಿಕರು ಫೋನಿನೆದುರು ಸಹಜವಾಗಿದ್ದರು ಎಂಬುದು ವಿಂಟರ್ ಅವರ ಸಮರ್ಥನೆ. ಎರಡನೆಯ ಮಾತು ಮೊದಲನೆಯದಕ್ಕಿಂತ ಗಟ್ಟಿಯಾದುದು: ವಸ್ತುವನ್ನು ತೆಗೆಯದಿದ್ದರೂ ಬಣ್ಣ ಬದಲಾದರೆ ನೋಡುವವರ ಗ್ರಹಿಕೆ ಬದಲಾಗುತ್ತದೆ. ಜವಳಿ ವರ್ತಕರು ಇದನ್ನು ಬಲ್ಲರು. ಜಾಹೀರಾತಿನ ವಾತಾವರಣ ಚಿತ್ರಕ್ಕೆ ಹಳೆಯ ಫಿಲಂನ ಛಾಯೆ ಶೋಭಿಸೀತು. ಸೀರೆಯ ಮಾದರಿಚಿತ್ರಕ್ಕೆ ಅದೇ ಛಾಯೆ ಬಳಿದರೆ ಮಾಲು ಹಿಂದಿರುಗಿ ಬರುತ್ತದೆ.

ಇತ್ತ ಮಾರುಕಟ್ಟೆ ಕಾಯಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಬಂದ ಇನ್‌ಸ್ಟಾಗ್ರಾಂ ಅಂಥದೇ ಛಾಯೆಗಳನ್ನು ಉಚಿತವಾಗಿ ನೀಡಿತು. ಮೇಲಾಗಿ ಚಿತ್ರಗಳನ್ನು ಹಂಚಿಕೊಳ್ಳುವ ವೇದಿಕೆಯನ್ನೂ ಒದಗಿಸಿತು. ನಿಜವಾದ ಫಿಲಂ ತಯಾರಿಸುತ್ತಿದ್ದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಕಾಯಿದೆಯ ರಕ್ಷಣೆ ಕೋರಿತು. ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂನ ಖರೀದಿಗೆ ಫೇಸ್‌ಬುಕ್ 100 ಕೋಟಿ ಡಾಲರ್ ಬೆಲೆ ಘೋಷಿಸಿತು. ಆಗಸ್ಟ್‌ನಲ್ಲಿ ಹಿಪ್‌ಸ್ಟಮ್ಯಾಟಿಕ್ ತನ್ನ ಬಹುಪಾಲು ನೌಕರರನ್ನು ಕೆಲಸದಿಂದ ಬಿಡುಗಡೆಗೊಳಿಸಿತು.