ಅನಿವಾಸಿ ಸೀಟಿನ ಹಣ ಯಾರ ಪಾಲಿಗೆ?

ಪ್ರತಿವರ್ಷ ನೀಟ್ ಫಲಿತಾಂಶ ಹೊರಬೀಳುತ್ತಿದ್ದಂತೆ ಕರಾವಳಿಯ ನಮ್ಮ ಕ್ರೈಸ್ತ ಮನೆಗಳಲ್ಲಿ ಒಂದು ಇಬ್ಬಂದಿತನ ತಲೆದೋರುತ್ತದೆ. ಒಂದೇ ಚರ್ಚಿನ, ಎಷ್ಟೋ ಬಾರಿ ಒಂದೇ ಕುಟುಂಬದ ಇಬ್ಬರು ಮಕ್ಕಳು ವೈದ್ಯಕೀಯ ಕಾಲೇಜಿನ ಬಾಗಿಲಲ್ಲಿ ನಿಲ್ಲುತ್ತಾರೆ. ಒಬ್ಬಳು ಊರಿನಲ್ಲೇ ಕಲಿತವಳು. ಇನ್ನೊಬ್ಬ ಕುವೈತಿನಲ್ಲೋ ದುಬೈಯಲ್ಲೋ ಬೆಳೆದವನು. ಹೆಚ್ಚು ಅಂಕದವಳು ಹೊರಗುಳಿದು ಕಡಿಮೆ ಅಂಕದವನು ಒಳಸೇರಿದ ವರ್ಷ, ಕ್ರಿಸ್‌ಮಸ್‌ನ ಕುಸ್ವಾರಿನ ತಟ್ಟೆ ಆ ಎರಡು ಮನೆಗಳ ನಡುವೆ ಓಡಾಡದಿದ್ದುದನ್ನೂ ನಾವು ಕಂಡಿದ್ದೇವೆ.

ಈ ವ್ಯಾಜ್ಯದ ಬೇರು ನಮ್ಮ ರಾಜ್ಯದಲ್ಲೇ ಇದೆ. 1989ರಲ್ಲಿ ಕರ್ನಾಟಕ ಸರಕಾರವು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000 ರೂ., ಹೊರರಾಜ್ಯದವರಿಗೆ 60,000 ರೂ.ವರೆಗೆ ಶುಲ್ಕವನ್ನು ಗೊತ್ತುಪಡಿಸಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಶುಲ್ಕವನ್ನು ತಳ್ಳಿಹಾಕಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪುಗಳನ್ನು ದಾಟಿ ವಿಷಯ 2005ರ ಇನಾಮದಾರ್ ತೀರ್ಪಿಗೆ ಬಂದು ನಿಂತಿತು.

ಏಳು ನ್ಯಾಯಮೂರ್ತಿಗಳ ಆ ಪೀಠವು ಅನಿವಾಸಿಗಳಿಗೆ ಶೇ. 15ಕ್ಕೆ ಮೀರದಂತೆ ಸೀಟು ಕೊಡಬಹುದೆಂದಿತು. ಆದರೆ ಷರತ್ತುಗಳಿದ್ದವು. ಸೀಟು ನಿಜವಾದ ಅನಿವಾಸಿಯ ಮಕ್ಕಳಿಗೆ ಅಥವಾ ಪೋಷಿತರಿಗೇ ಸಲ್ಲಬೇಕು. ಆ ಪಾಲಿನೊಳಗೂ ಅರ್ಹತೆಯನ್ನು ಪೂರ್ತಿ ಬದಿಗಿಡಬಾರದು. ಬಂದ ಹಣವನ್ನು ಆರ್ಥಿಕವಾಗಿ ಹಿಂದುಳಿದ ವಿದ್ಯಾರ್ಥಿಗಳ ಶುಲ್ಕ ತಗ್ಗಿಸಲು ಬಳಸಬೇಕು. ಮೊದಲನೆಯ ಷರತ್ತಿನ ಗತಿ ಏನಾಯಿತೆಂಬುದಕ್ಕೆ ಪಂಜಾಬ್ ಸಾಕ್ಷಿ. ಅಲ್ಲಿನ ಸರಕಾರ 2024ರ ಆಗಸ್ಟ್‌ನಲ್ಲಿ ಚಿಕ್ಕಪ್ಪ, ಸೋದರತ್ತೆಯರಂತಹ ದೂರದ ಬಂಧುಗಳ ಹೆಸರಿನಲ್ಲೂ ಈ ಸೀಟು ಕೇಳಲು ಅವಕಾಶವಿತ್ತಿತು. ಹೈಕೋರ್ಟು ಅದನ್ನು ರದ್ದುಗೊಳಿಸಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದು ವಂಚನೆಯೇ ಸರಿ ಎಂದು ಮೇಲ್ಮನವಿಯನ್ನು ವಜಾ ಮಾಡಿತು.

ಹಾಗೆಂದು ಗಲ್ಫಿನ ಮಗುವನ್ನು ಶ್ರೀಮಂತನೆಂದು ಹಳಿಯುವುದು ನ್ಯಾಯವಲ್ಲ. ಅಲ್ಲಿ ಮೂವತ್ತು ವರ್ಷ ದುಡಿದ ಫಿಟ್ಟರನಿಗೂ ನರ್ಸಮ್ಮನಿಗೂ ಪೌರತ್ವ ದೊರೆಯುವುದಿಲ್ಲ. ಕೆಲಸ ಮುಗಿದೊಡನೆ ಗಂಟುಮೂಟೆ ಕಟ್ಟಬೇಕು. ಮಗ ಊರಿಗೆ ಮರಳಿದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ರಾಜ್ಯದ ಸರಕಾರಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮ ಎದುರಾಗುತ್ತದೆ. ಅಲ್ಲಿಯೂ ಪರದೇಶಿ, ಇಲ್ಲಿಯೂ ಹೊರಗಿನವನು. ಆತನ ತಂದೆ ಅಡವಿಡುವುದು ಕೂಡ ಊರಿನ ತೋಟವನ್ನೇ.

ನಮ್ಮ ಮನಸ್ಸನ್ನು ಕೊರೆಯುತ್ತಿರುವುದು ಮೂರನೆಯ ಷರತ್ತು. ಅದನ್ನು ಪಾಲಿಸಿದ್ದರೆ ಗಲ್ಫಿನವನ ಶುಲ್ಕವೇ ಬೀಡಿ ಕಟ್ಟುವ ತಾಯಿಯ ಮಗಳ ಓದಿಗೆ ಆಧಾರವಾಗುತ್ತಿತ್ತು. ಆಗ ಎರಡು ಮನೆಗಳೂ ಮುಖ ತಿರುಗಿಸಬೇಕಾಗಿರಲಿಲ್ಲ. ನಾವು ಕೆಲವು ಖಾಸಗಿ ಕಾಲೇಜುಗಳ ವಿವರಪುಸ್ತಿಕೆಗಳನ್ನು ತಿರುವಿ ನೋಡಿದೆವು. ಅನಿವಾಸಿ ಶುಲ್ಕವನ್ನು ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಆ ಹಣದಿಂದ ಎಷ್ಟು ಬಡ ಮಕ್ಕಳು ಕಲಿತರೆಂಬ ಒಂದು ಸಾಲೂ ಎಲ್ಲಿಯೂ ಕಾಣಸಿಗಲಿಲ್ಲ. ನಮ್ಮ ಧರ್ಮಪ್ರಾಂತಗಳ, ಧಾರ್ಮಿಕ ಸಭೆಗಳ ಕಾಲೇಜುಗಳಾದರೂ ಈ ಲೆಕ್ಕವನ್ನು ಪ್ರವೇಶದ ಋತು ಆರಂಭವಾಗುವ ಮೊದಲೇ ಸೂಚನಾಫಲಕದಲ್ಲಿ ಹಾಕಲಿ ಎಂಬುದು ನಮ್ಮ ಕೋರಿಕೆ. ಹೆಸರುಗಳು ಬೇಡ, ಸಂಖ್ಯೆ ಸಾಕು.