ಬಾಳೆಗೂ ಬೇಕು ಸ್ಟ್ರಿಪ್ ಟೆಸ್ಟ್!

ನಮ್ಮ ಮೂಡಲಪಾಳ್ಯದಲ್ಲಿ ಬಾಳೆಗಿಡಗಳ ಸಾಲು ಕಾಣುವುದು ಆಯುಧಪೂಜೆಗೆ ಅಂಗಡಿ ಬಾಗಿಲಿಗೆ ಕಟ್ಟಿದಾಗ ಮಾತ್ರ. ‘ಬಯೋಟೆಕ್ನಾಲಜಿ ಓದ್ಕೊಂಡು ಬಾಳೆಎಲೆ ಅರೀತಾ ಕೂತಿದ್ದೀಯಲ್ಲೋ’ ಎಂದು ಗೆಳೆಯರು ಕಾಲೆಳೆಯುತ್ತಾರೆ. ಉತ್ತರ ನಂಜನಗೂಡು ಕಡೆಯ ನನ್ನ ಚಿಕ್ಕಪ್ಪನ ತೋಟದಲ್ಲಿದೆ.

ಎರಡು ವರ್ಷದ ಹಿಂದೆ ಅವರು ಪರಿಚಯದವರಿಂದ ಏಲಕ್ಕಿ ಬಾಳೆಯ ಕಂದು ತಂದು ನೆಟ್ಟರು. ನೋಡಲು ಕಂದುಗಳು ಚೆನ್ನಾಗಿಯೇ ಇದ್ದವು. ಕೆಲವೇ ತಿಂಗಳಲ್ಲಿ ಹೊಸ ಎಲೆಗಳು ಕಿರಿದಾಗಿ, ಸೆಟೆದು, ಸುಳಿಯಲ್ಲೇ ಗುಂಪುಗೂಡಿದವು. ಗೊನೆ ಬರಲೇ ಇಲ್ಲ. ಅದು ಬಂಚಿ ಟಾಪ್, ಸಸ್ಯಹೇನು ಹರಡುವ ವೈರಸ್ ರೋಗ. ಇದಕ್ಕೆ ಮದ್ದಿಲ್ಲ. ಕಂದಿನೊಳಗೇ ಅಡಗಿ ಬರುವುದರಿಂದ ಕಣ್ಣಿಗೆ ಬೀಳುವಷ್ಟರಲ್ಲಿ ಪಕ್ಕದ ಗಿಡಕ್ಕೂ ದಾಟಿರುತ್ತದೆ.

ಕೋವಿಡ್ ಕಾಲದ ಆ್ಯಂಟಿಜನ್ ಕಿಟ್ ನೆನಪಿದೆಯಲ್ಲ? ಬಾಳೆಗೂ ಅದೇ ಉಪಾಯ. ಎಲೆಯ ಚೂರನ್ನು ದ್ರಾವಣದಲ್ಲಿ ಅರೆದು ಸ್ಟ್ರಿಪ್ ಅದ್ದಿದರೆ ರಸ ಮೇಲೇರುತ್ತದೆ. ಅದರಲ್ಲಿರುವ ಚಿನ್ನದ ನ್ಯಾನೊ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ವೈರಸ್ಸನ್ನು ಹಿಡಿದುಕೊಳ್ಳುತ್ತವೆ. ಎರಡು ಗೆರೆ ಮೂಡಿದರೆ ರೋಗವಿದೆ, ಕಂಟ್ರೋಲ್ ಗೆರೆ ಒಂದೇ ಮೂಡಿದರೆ ವೈರಸ್ ಪತ್ತೆಯಾಗಿಲ್ಲ ಎಂದರ್ಥ. ಕೆಲವೇ ನಿಮಿಷದ ಕೆಲಸ.

ಆದರೆ ಎಳೆಯ ಕಂದಿನಲ್ಲಿ ವೈರಸ್ ಕಡಿಮೆಯಿದ್ದರೆ ಸ್ಟ್ರಿಪ್ ಅದನ್ನು ತಪ್ಪಿಸಿಬಿಡಬಹುದು. ಅಲ್ಲಿ ನೆರವಿಗೆ ಬರುವುದು ಜಪಾನಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ‘ಲ್ಯಾಂಪ್’ ವಿಧಾನ. ಪಿಸಿಆರ್ ಯಂತ್ರದಂತೆ ಬಿಸಿ-ತಂಪು ಮಾಡುತ್ತಿರಬೇಕಿಲ್ಲ. ಸುಮಾರು 65 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ವೈರಸ್ಸಿನ ಡಿಎನ್‌ಎ ಕೋಟಿಗಟ್ಟಲೆ ಪ್ರತಿಗಳಾಗುತ್ತದೆ. ಬಣ್ಣ ಬದಲಾದದ್ದು ಬರಿಗಣ್ಣಿಗೇ ಕಾಣುವಂತೆ ಮಾಡಬಹುದು. ನನ್ನ ಪ್ರಾಜೆಕ್ಟಿನ ತಲೆನೋವು ಎಲೆರಸದ್ದು: ಬಾಳೆಯ ಅಂಟುರಸವೇ ಪರೀಕ್ಷೆಗೆ ಅಡ್ಡಗಾಲು ಹಾಕುತ್ತದೆ.

ನಂಜನಗೂಡು ರಸಬಾಳೆಯನ್ನು ಮೂಲೆಗುಂಪು ಮಾಡಿದ ಪನಾಮಾ ಸೊರಗು ರೋಗದ ಕಥೆಯೇ ಬೇರೆ. ಅದು ಶಿಲೀಂಧ್ರ, ವರ್ಷಗಟ್ಟಲೆ ಮಣ್ಣಿನಲ್ಲೇ ಇರುತ್ತದೆ. ಎಲೆ ಚೂರು ಸಾಲದು, ಕಾಂಡದೊಳಗಿನ ನಾರನ್ನೇ ಪರೀಕ್ಷಿಸಬೇಕು. ನೆಲಕ್ಕೆ ಒಮ್ಮೆ ಸೇರಿದರೆ ಅಲ್ಲಿ ಮತ್ತೆ ರಸಬಾಳೆ ಬೆಳೆಯುವುದು ಕಷ್ಟ.

ಚಿಕ್ಕಪ್ಪನಿಗೆ ನಾನು ಈಗ ಹೇಳುವುದು ಇಷ್ಟೇ: ರೋಗದ ಗಿಡ ಕಂಡರೆ ಮೊದಲು ಹೇನು ಸಾಯಿಸಿ, ಆಮೇಲೆ ಗಡ್ಡೆಸಮೇತ ಕಿತ್ತುಹಾಕಿ. ‘ಅದಿರ್ಲಿ ಮಗಾ, ನೆಡೋಕ್ ಮುಂಚೆನೇ ಗೊತ್ತಾಗೋದು ಯಾವಾಗ?’ ಎಂದು ಅವರು ಕೇಳುತ್ತಾರೆ. ರೈತನಿಗೆ ಬೇಕಿರುವುದು ರೋಗದ ಹೆಸರಲ್ಲ, ಕಂದು ಕೊಳ್ಳುವ ಮುನ್ನ ‘ಬೇಡ’ ಎನ್ನಲು ಒಂದು ಆಧಾರ. ಲ್ಯಾಬು ತೋಟದ ಬದುವಿಗೆ ಬಂದರಷ್ಟೇ ಅದು ಸಿಗುತ್ತದೆ.