ವಜ್ರದ ಇಕ್ಕಳದಲ್ಲಿ ಚಿಟಿಕೆ ಪುಡಿ

ಕೋಲ್ಕತ್ತದ ಹೊರವಲಯದ ಗಲ್ಲಿಗಳಲ್ಲಿ ಸದ್ದಿಲ್ಲದೆ ನುಸುಳುವ ಇ-ರಿಕ್ಷಾಕ್ಕೆ ಅಲ್ಲಿನವರು ಇಟ್ಟ ಹೆಸರು ಟೋಟೋ. ಸೀಸದ ಬ್ಯಾಟರಿ ಇದ್ದ ಜಾಗಕ್ಕೆ ಈಗ ಲಿಥಿಯಂ ಬ್ಯಾಟರಿಯೂ ಬರುತ್ತಿದೆ. ಇಂಥ ಗಾಡಿಗಳಿಗೆ ಒಗ್ಗುವ ಲಿಥಿಯಂ ಐರನ್ ಫಾಸ್ಫೇಟನ್ನು 1997ರಲ್ಲಿ ಪರಿಚಯಿಸಿದ ಪ್ರಬಂಧದ ಮೇಲೆ ಮೂರು ಹೆಸರುಗಳಿದ್ದವು: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಕೊನೆಯವರಿಗೆ 2019ರಲ್ಲಿ ನೊಬೆಲ್ ಬಂತು. ನಮ್ಮ ಕಣ್ಣು ಮಾತ್ರ ನಡುವಿನ ಹೆಸರಿನ ಮೇಲೇ ನಿಲ್ಲುತ್ತದೆ.

ಈ ಫಾಸ್ಫೇಟ್ ಪುಡಿಯ ಹರಳಿನೊಳಗೆ ಲಿಥಿಯಂ ಓಡಾಡಲು ಒಂದೇ ದಿಕ್ಕಿನ ಸುರಂಗಗಳಿವೆ. ಚಾರ್ಜ್ ಮಾಡುವಾಗ ಹೊರಡುತ್ತದೆ, ಗಾಡಿ ಓಡುವಾಗ ಮರಳುತ್ತದೆ. 2001ರಲ್ಲಿ ಸ್ಪೇನಿನ ಸಂಶೋಧಕರು ಇದನ್ನು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ವಾಯುಮಂಡಲದ ಒತ್ತಡಕ್ಕಿಂತ ಸುಮಾರು 64 ಸಾವಿರ ಪಟ್ಟು ಅದುಮಿದರು. ನೆಲದಡಿ 200 ಕಿ.ಮೀ. ಇಳಿದರೆ ಸಿಗುವಂಥ ಒತ್ತಡ ಅದು. ಒಂದು ಪರಮಾಣುವೂ ಕಳೆದುಹೋಗಲಿಲ್ಲ, ಕೂರುವ ಸಾಲು ಬದಲಾಯಿತು. ಆರು ಆಮ್ಲಜನಕಗಳ ನಡುವೆ ಇದ್ದ ಲಿಥಿಯಂ ಈಗ ನಾಲ್ಕರ ನಡುವೆ ಸಿಕ್ಕಿಬಿತ್ತು. ಒತ್ತಡ ತೆಗೆದ ಮೇಲೂ ಹರಳು ಹಾಗೇ ಉಳಿಯಿತು. ಬ್ಯಾಟರಿಗೆ ಹಾಕಿ ನೋಡಿದರೆ ಲಿಥಿಯಂ ಹೆಚ್ಚುಕಡಿಮೆ ಅಲುಗಲೇ ಇಲ್ಲ.

ಅವರು ಬಳಸಿದ್ದು ದೊಡ್ಡ ಪ್ರೆಸ್. ಹಿಂಡುತ್ತಿರುವಾಗಲೇ ಒಳಗೆ ಇಣುಕಬೇಕಾದರೆ ವಜ್ರದ ಇಕ್ಕಳ ಬೇಕು. 1958ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಲ್ಲಿ ಹುಟ್ಟಿದ ಈ ಸಾಧನಕ್ಕೆ ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ವಜ್ರಗಳೇ ಒದಗಿದವು! ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ವಜ್ರಗಳ ಚಪ್ಪಟೆ ತುದಿಗಳು ಎದುರುಬದುರು, ನಡುವೆ ತೂತು ಕೊರೆದ ಲೋಹದ ತಗಡು, ತೂತಿನಲ್ಲಿ ಚಿಟಿಕೆಗಿಂತ ಕಡಿಮೆ ಪುಡಿ, ಜೊತೆಗೆ ಮಾಣಿಕ್ಯದ ಒಂದು ಕಣ. ತಿರುಪು ಬಿಗಿದಂತೆ ಮಾಣಿಕ್ಯ ಸೂಸುವ ಕೆಂಪು ಬೆಳಕಿನ ತರಂಗಾಂತರ ಸರಿಯುತ್ತದೆ. ಒತ್ತಡ ಎಷ್ಟೆಂದು ಅದೇ ಹೇಳುತ್ತದೆ.

ಪುಡಿಗೆ ಏನಾಯಿತೆಂದು ಹೇಳುವುದು ಕೋಲ್ಕತ್ತದ ಬೆಳಕು. ಬೌಬಜಾರ್ ಬೀದಿಯ 210ನೇ ನಂಬರಿನಲ್ಲಿದ್ದ ವಿಜ್ಞಾನ ಸಂಘದಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಫೆಬ್ರುವರಿಯಲ್ಲಿ ಕಂಡ ಪರಿಣಾಮವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಚದುರಿದ ಬೆಳಕಿನಲ್ಲಿ ಪರಮಾಣುಗಳ ಕಂಪನ ಗೆರೆಗಳಾಗಿ ಮೂಡುತ್ತದೆ. ಹಿಂಡಿದಂತೆ ಬಂಧಗಳು ಬಿಗಿಯಾಗಿ ಗೆರೆಗಳು ಮೆಲ್ಲಗೆ ಸರಿಯುತ್ತವೆ. ಒಂದು ಹಂತದಲ್ಲಿ ಕೆಲವು ಮಾಯವಾಗಿ ಹೊಸವು ಕಾಣಿಸಿಕೊಂಡರೆ ಹರಳಿನ ರಚನೆಯೇ ಬದಲಾಗಿರುವ ಸುಳಿವು.

1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಆಮೇಲೆ ವಜ್ರಗಳ ಬೆನ್ನು ಹತ್ತಿದರು. ವಜ್ರಕ್ಕೂ ತನ್ನದೇ ಒಂದು ರಾಮನ್ ಗೆರೆಯಿದೆ, ಸೆಂಟಿಮೀಟರಿಗೆ 1332 ತರಂಗಗಳ ಬಳಿ. ಇಕ್ಕಳದೊಳಗಿನ ಪುಡಿಯನ್ನು ನೋಡಹೊರಟವರಿಗೆ ಎಲ್ಲಕ್ಕಿಂತ ಎತ್ತರವಾಗಿ ಕಣ್ಣಿಗೆ ರಾಚುವುದು ಅದೇ. ಪಕ್ಕದ ಸಣ್ಣ ಗೆರೆಗಳನ್ನು ಆಮೇಲೆ ಹುಡುಕಿಕೊಳ್ಳಬೇಕು.